ರಿಯೋ ಕಾರ್ನಿವಲ್‌ಗೆ ಗಂಡ ಹೆಂಡ್ತಿ ಬ್ಯಾಗ್ ಹಾಕ್ಕೊಂಡು ಹೊರಟಿದೀವಿ, ಹೋಗ್ಬಂದೋರು ಸ್ವಲ್ಪ ಹೇಳಿ

ಬೆನ್ನಿಗೊಂದು_ಚೀಲ:
ನಮಸ್ಕಾರ ಎಲ್ರಿಗೂ. 2027ರ ಕಾರ್ನಿವಲ್‌ಗೆ ಬ್ರೆಜಿಲ್‌ನ ರಿಯೋ ಡಿ ಜನೈರೋ ಹೋಗೋದು ಅಂತ ನಾನೂ ನನ್ ಹೆಂಡ್ತೀನೂ ಡಿಸೈಡ್ ಮಾಡ್ಬಿಟ್ಟಿದೀವಿ. ಫೆಬ್ರವರಿ 5 ಶುಕ್ರವಾರದಿಂದ 9 ಮಂಗಳವಾರದವರೆಗೆ ಮೇನ್ ಹಬ್ಬ, 10ಕ್ಕೆ ಬೂದಿ ಬುಧವಾರ, ಕ್ರಿಶ್ಚಿಯನ್ನರ ಉಪವಾಸ ಶುರುವಾಗೋ ದಿನ. ಟೂರ್ ಪ್ಯಾಕೇಜ್ ಬೇಡ, ಇಬ್ರಿಗೂ ಒಂದೊಂದು ಬ್ಯಾಗು, ಹಾಸ್ಟೆಲು, ಮೆಟ್ರೋ, ಮಿಕ್ಕಿದ್ದೆಲ್ಲಾ ಕಾಲ್ನಡಿಗೆ. ಆದ್ರೆ ನೆಟ್ಟಲ್ಲಿ ಓದ್ತಾ ಹೋದ್ರೆ ತಲೆ ಕೆಡತ್ತೆ, ಅರ್ಧ ಜನ ಸ್ವರ್ಗ ಅಂತಾರೆ ಇನ್ನರ್ಧ ಜನ ಕಾಲಿಟ್ ತಕ್ಷಣ ಫೋನು ಪರ್ಸು ಎರಡೂ ಹೋಗತ್ತೆ ಅಂತಾರೆ. ಉಳ್ಕೊಳ್ಳೋದಕ್ಕೆ ಡಾರ್ಮಾ ಪ್ರೈವೇಟ್ ರೂಮಾ, ಯಾವ ಏರಿಯಾ, ಸಾಂಬಾ ಪರೇಡ್ ನಡೆಯೋ ಸಾಂಬಾಡ್ರೋಮ್ ಸ್ಟೇಡಿಯಂ ಟಿಕೆಟ್‌ಗೆ ದುಡ್ಡು ಸುರೀಬೇಕಾ ಇಲ್ಲಾ ರೋಡಲ್ಲಿ ಬ್ಯಾಂಡ್ ಜೊತೆ ಕುಣಿಯೋ ಗುಂಪುಗಳು, ಬ್ಲೋಕೊಗಳೇ ಸಾಕಾ, ಇಷ್ಟು ಹೇಳಿದ್ರೆ ಸಾಕು. ಇನ್ನೊಂದು ವಿಷ್ಯ, ನಾನು ರಾತ್ರಿ ಗೂಬೆ, ಅವ್ಳು ಬೆಳಿಗ್ಗೆ 5ಕ್ಕೇ ಏಳೋಳು, ಅವ್ಳು ವೆಜ್ಜು ನಾನು ಏನ್ ಸಿಕ್ರೂ ತಿಂತೀನಿ, ಇದಕ್ಕೂ ಏನಾದ್ರೂ ಐಡಿಯಾ ಇದ್ರೆ ಕೊಡಿ.

ಸುಮ್ನೆ_ಓದೋನು:
ಅಷ್ಟ್ ದೂರ ಅಷ್ಟ್ ದುಡ್ಡು ಯಾಕೆ ಗುರು, ಗೋವಾದಲ್ಲೂ ಅದೇ ವಾರ ಕಾರ್ನಿವಲ್ ನಡಿಯತ್ತೆ, ಅಲ್ಲೂ ಪೋರ್ಚುಗೀಸರೇ ಬಿಟ್ಟು ಹೋಗಿದ್ದು, ಅಲ್ಲೂ ಹಬ್ಬದ ರಾಜ ಕಿಂಗ್ ಮೋಮೋ ಬರ್ತಾನೆ.

ಸಮುದ್ರದ_ಮಗ:
ಗೋವಾದ್ದು ನೋಡಿದವ ನಾನು, ಅದು ಮೆರವಣಿಗೆ ಮಾರಾಯ್ರೆ, ನಾವು ಬದಿಯಲ್ಲಿ ನಿಂತು ನೋಡುವುದು. ರಿಯೋದಲ್ಲಿ ನೋಡುವವರು ಕುಣಿಯುವವರು ಅಂತ ಬೇರೆ ಇಲ್ಲ, ಇಡೀ ಊರೇ ರೋಡಲ್ಲಿ ಉಂಟು. ಎರಡನ್ನೂ ಹೋಲಿಸುವುದು ಬೇಡ, ಅವರು ಹೊರಟಾಗಿದೆ, ಕೇಳಿದ್ದಕ್ಕೆ ಹೇಳುವ.

ಏರಿಯಾ ಬೊಟಾಫೋಗೊ ಅಥವಾ ಫ್ಲಮೆಂಗೊ ನೋಡಿ. ಯಾಕೆ ಅಂದ್ರೆ ಎರಡೂ ಮೆಟ್ರೋ ಲೈನಿನ ಮೇಲೆ, ಒಂದು ಕಡೆಗೆ ಹೋದ್ರೆ ಕೋಪಕಬಾನಾ ಇಪನೆಮಾ ಬೀಚು, ಇನ್ನೊಂದು ಕಡೆಗೆ ಹೋದ್ರೆ ಊರ ಮಧ್ಯದ ಸೆಂಟ್ರೊ ಮತ್ತೆ ಸಾಂಬಾಡ್ರೋಮು. ಕಾರ್ನಿವಲ್ ದಿನಗಳಲ್ಲಿ ಅರ್ಧ ರೋಡು ಬಂದ್ ಇರ್ತದೆ, ಊಬರ್ ಹಾಕಿದ್ರೆ ಡ್ರೈವರ್ ಎರಡು ಕಿಲೋಮೀಟರ್ ದೂರದಲ್ಲಿ ಸಿಕ್ಕಿಹಾಕಿಕೊಂಡು ಕ್ಯಾನ್ಸಲ್ ಮಾಡ್ತಾನೆ, ರೇಟು ಬೇರೆ ಮೂರು ಪಟ್ಟು. ಮೆಟ್ರೋ ಆದ್ರೆ ಆ ದಿನಗಳಲ್ಲಿ ರಾತ್ರಿಯಿಡೀ ಓಡ್ತದೆ, ಗೇಟಿನಲ್ಲಿ ಟ್ಯಾಪ್ ಆಗುವ ಕಾರ್ಡ್ ಇದ್ದರೆ ಟಿಕೆಟಿಗೆ ಕ್ಯೂ ನಿಲ್ಲುವ ತಲೆಬಿಸಿಯೂ ಇಲ್ಲ. ಲಾಪಾ ಏರಿಯಾ ಚೀಪ್ ಕಾಣ್ತದೆ, ಪಾರ್ಟಿಯೂ ಅಲ್ಲೇ, ಆದರೆ ಬೆಳಗಿನ ಜಾವದವರೆಗೆ ಕಿಟಕಿ ಗಾಜು ಅದುರ್ತಾ ಇರ್ತದೆ. ನಿಮ್ಮ ಹೆಂಡತಿ 5ಕ್ಕೆ ಏಳುವವರು ಅಂದ್ರಲ್ಲ, ಲಾಪಾದಲ್ಲಿ ಅವರು ಮಲಗಿದರೆ ತಾನೆ ಏಳುವ ಪ್ರಶ್ನೆ.

ಹುಬ್ಬಳ್ಳಿ_ಹೈದ:
ಲಾಪಾ ಬಗ್ಗೆ ಅಷ್ಟ್ ಹೆದರಸಬ್ಯಾಡ್ರಿ. ನಾವು ಇಬ್ರೂ ಅಲ್ಲೇ ಇದ್ವಿ, ಆ ಬಿಳಿ ಕಮಾನುಗಳ ಹತ್ರ. ರಾತ್ರಿ ಎಲ್ಲಿ ಬೇಕಾದ್ರೂ ನಡ್ಕೊಂಡ ಹೋಗಿ ನಡ್ಕೊಂಡ ಬರಬಹುದಿತ್ತು, ಅದೂ ಒಂದು ಉಳಿತಾಯ ಅಲ್ಲೇನ್ರೀ. ಕಿವಿಗೆ ಹಾಕ್ಕೊಳ್ಳೋ ಮೆತ್ತನ ಪ್ಲಗ್ ಒಯ್ರಿ, ನಿದ್ದಿ ಬರತೈತಿ. ಆದ್ರ ಖಾಲಿ ಗಲ್ಲಿ ಹಿಡಿದು ಶಾರ್ಟ್‌ಕಟ್ ಮಾತ್ರ ಹೊಡೀಬ್ಯಾಡ್ರಿ, ಮಂದಿ ಇರೋ ರೋಡ್ನಾಗ ಸುತ್ತಾಕ್ಕೊಂಡು ಹೋದ್ರೂ ಅಡ್ಡಿಯಿಲ್ಲ.

ಸಮುದ್ರದ_ಮಗ:
ನಿದ್ರೆ ಬಂತು ಅಂತ ನೀವು ಹೇಳ್ತೀರಿ, ನಿಮ್ಮ ಮನೆಯವರು ಏನು ಹೇಳ್ತಾರೆ ಕೇಳಿ ನೋಡಿ.

ಹುಬ್ಬಳ್ಳಿ_ಹೈದ:
ಕೇಳಿದ್ನಿರೀ. "ಮುಂದಿನ ಸಲ ಬೊಟಾಫೋಗೊ" ಅಂದ್ಲು. ಆತು ಬಿಡ್ರಿ.

ಕಾಡುಮಲ್ಲಿಗೆ:
ಈ ಥ್ರೆಡ್ ನೋಡಿ ಸುಮ್ನಿರಕ್ಕಾಗ್ಲಿಲ್ಲ. ನಾವೂ ಇಬ್ರೇ ಹೋಗಿದ್ವಿ, ನಮ್ಮನೇಲೂ ಇದೇ ಕಥೆ, ಅವ್ರು ರಾತ್ರಿ ನಾನು ಬೆಳಿಗ್ಗೆ. ಏರಿಯಾ, ಟಿಕೆಟ್ಟು, ಕಳ್ರು ಇದೆಲ್ಲಾ ಹೆಂಗೋ ಮ್ಯಾನೇಜ್ ಆಗತ್ತೆ, ಜೋಡಿಯಾಗಿ ಹೋದೋರಿಗೆ ಅಲ್ಲಿ ನಿಜವಾದ ತೊಂದ್ರೆ ನಿದ್ದೆದು. ಹೆಂಗೆ ಅಂತ ಕೇಳಿ. ರಿಯೋದಲ್ಲಿ ಒಳ್ಳೊಳ್ಳೆ ಬ್ಲೋಕೊಗಳು ಶುರುವಾಗೋದೇ ಬೆಳಿಗ್ಗೆ. ಶನಿವಾರ ಸಾಂಟಾ ತೆರೇಜಾ ಗುಡ್ಡದ ಮೇಲೆ ಸೆವು ನಾ ತೆರ್ರಾ ಅಂತ ಒಂದಿದೆ, ಸುಮಾರು 7 ಗಂಟೆಗೇ ಹೊರಡತ್ತೆ, ಕಲ್ಲು ಹಾಸಿದ ಇಕ್ಕಟ್ಟು ರೋಡಲ್ಲಿ ಟ್ರಂಪೆಟ್ ಡೋಲು ಎಲ್ಲಾ ಹೊತ್ಕೊಂಡು ನಡ್ಕೊಂಡೇ ನುಡಿಸ್ತಾರೆ. ಅದೇ ಬೆಳಿಗ್ಗೆ ಸೆಂಟ್ರೊದಲ್ಲಿ ಬೋಲಾ ಪ್ರೆಟಾ, 1918ರಲ್ಲಿ ಶುರುವಾಗಿದ್ದು, ಬಿಳಿ ಬಟ್ಟೆ ಮೇಲೆ ಕಪ್ಪು ಚುಕ್ಕಿ ಹಾಕ್ಕೊಂಡ ಲಕ್ಷಾಂತರ ಜನ. ಸಾಂಬಾಡ್ರೋಮ್ ಪರೇಡು ರಾತ್ರಿ ಹತ್ತರ ಸುಮಾರಿಗೆ ಶುರುವಾಗಿ ಮುಗಿಯೋಹೊತ್ಗೆ ಬೆಳಗಿನ ಜಾವ. ಎರಡೂ ನೋಡ್ತೀವಿ ಅಂತ ಹೊರಟ್ರೆ ಮೂರನೇ ದಿನಕ್ಕೆ ಇಬ್ರೂ ಒಬ್ರ ಮುಖ ಒಬ್ರು ನೋಡಕ್ಕಾಗ್ದಂಗೆ ಆಗಿರ್ತೀರ, 38 ಡಿಗ್ರಿ ಬಿಸ್ಲು, ಮಧ್ಯಾಹ್ನ ಧೋ ಅಂತ ಗುಡುಗು ಮಳೆ, ಊಟದ ಹೊತ್ತಿಲ್ಲ, ಜಗಳಕ್ಕೆ ಬೇರೆ ಕಾರಣವೇ ಬೇಡ.

ನಾವು ಏನ್ ಮಾಡಿದ್ವಿ ಅಂದ್ರೆ ದಿನಕ್ಕೆ ಒಂದೇ ಒಂದು ಇಬ್ರೂ ಸೇರಿ ನೋಡೋದು. ಮಿಕ್ಕಿದ್ದು ಇಷ್ಟ ಇದ್ದೋರು ಹೋಗೋದು, ಇಲ್ದೋರು ಮಲ್ಕೊಳ್ಳೋದು. ನಾನು ಬೆಳಿಗ್ಗೆ ಹಾಸ್ಟೆಲ್‌ನಲ್ಲಿ ಸಿಕ್ಕಿದ ಹುಡ್ಗೀರ ಗುಂಪಿನ ಜೊತೆ ಸಾಂಟಾ ತೆರೇಜಾ ಹತ್ತಿದೆ, ಇವ್ರು ಮಧ್ಯಾಹ್ನದವರೆಗೆ ಗೊರಕೆ. ರಾತ್ರಿ ಇವ್ರು ಹೋದ್ರು ನಾನು ಮಲ್ಕೊಂಡೆ. ಸಂಜೆ ಮಾತ್ರ ಕಡ್ಡಾಯ ಒಟ್ಟಿಗೆ.

ಸಮುದ್ರದ_ಮಗ:
ಬೇಜಾರು ಮಾಡಬೇಡಿ ಅಕ್ಕ, ಆದರೆ ಅಂಥ ಜನಜಂಗುಳಿಯಲ್ಲಿ ಹೆಂಡತಿಯನ್ನು ಬಿಟ್ಟು ಗಂಡ ರೂಮಲ್ಲಿ ಮಲಗುವುದು ಸರಿಯಾ? ಹೊಸಬರಿಗೆ ಇದನ್ನು ಹೇಳಬಾರದು ಅಂತ ನನಗೆ ಕಾಣ್ತದೆ.

ಕಾಡುಮಲ್ಲಿಗೆ:
ನಾನೇನು ಲಗೇಜಾ ಅಣ್ಣಾ ಬಿಟ್ಟು ಹೋಗಕ್ಕೆ. ಆರೇಳು ಹುಡ್ಗೀರು ಒಟ್ಟಿಗೆ ಹೋದ್ವಿ ಒಟ್ಟಿಗೆ ಬಂದ್ವಿ, ಬೆಳಿಗ್ಗೆ ಹೊತ್ತು, ಪುಟ್ಟ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಅಜ್ಜಿ ತಾತ ಎಲ್ಲಾ ಬಂದಿರ್ತಾರೆ. ಗಂಡ ಪಕ್ಕದಲ್ಲಿದ್ರೆ ಎಲ್ಲಾ ಸೇಫು ಅಂತಾನೂ ಇಲ್ಲ, ನಿಜ ಹೇಳ್ಬೇಕು ಅಂದ್ರೆ ಫೋನ್ ಕಳ್ಕೊಂಡಿದ್ದು ನನ್ ಗಂಡ, ನಾನಲ್ಲ.

ಒಂದ್ ವಿಷ್ಯ ಮಾತ್ರ ಗೊತ್ತಿರ್ಲಿ. ಬ್ಲೋಕೊದಲ್ಲಿ ಅಪರಿಚಿತರಿಗೆ ಮುತ್ತು ಕೊಡೋದು ಅಲ್ಲಿ ಹಬ್ಬದ ಭಾಗ, ಹುಡ್ಗಾನೇ ಆಗ್ಲಿ ಹುಡ್ಗೀನೇ ಆಗ್ಲಿ ಬಂದು ಕೇಳ್ತಾರೆ. ಕೈ ಕೈ ಹಿಡ್ಕೊಂಡಿದ್ರೆ ಜಾಸ್ತಿ ಯಾರೂ ಬರಲ್ಲ, ಹತ್ತಡಿ ದೂರ ಆದ್ರಿ ಅಂದ್ರೆ ಇಬ್ರಲ್ಲಿ ಯಾರನ್ನಾದ್ರೂ ಕೇಳೇ ಕೇಳ್ತಾರೆ. "ನಾವ್" ಅಂತ ಮೂಗಲ್ಲಿ ಹೇಳಿ, ಬೇಡ ಅಂತ, ನಕ್ಕು ಮುಂದೆ ಹೋಗ್ತಾರೆ. ಬಲವಂತ ಮಾಡಿದ್ರೆ ಅದು ತಮಾಷೆ ಅಲ್ಲ, 2018ರಿಂದ ಒಪ್ಪಿಗೆ ಇಲ್ದೆ ಮುಟ್ಟೋದು ಮುತ್ತಿಡೋದು ಅಲ್ಲಿ ಕ್ರಿಮಿನಲ್ ಅಪರಾಧ, 1ರಿಂದ 5 ವರ್ಷ ಜೈಲು. ಬೇಡ ಅಂದ್ರೆ ಬೇಡ ಅಂತ ಬರೆದಿರೋ ಟೆಂಪರರಿ ಟ್ಯಾಟೂ ಹಾಕ್ಕೊಂಡು ಓಡಾಡ್ತಾರೆ ಹುಡ್ಗೀರು. ಗಂಡಂದಿರಿಗೆ ಒಂದ್ ಮಾತು, ಯಾರೋ ಬಂದು ನಿಮ್ ಹೆಂಡ್ತೀನ ಕೇಳಿದ್ರು ಅಂತ ತೋಳೇರಿಸ್ಕೊಂಡು ಹೋಗ್ಬೇಡಿ, ಅವ್ಳು ಬೇಡ ಅಂದ್ಲು ಅವ್ನು ಹೋದ, ಮುಗೀತು.

ಬೆನ್ನಿಗೊಂದು_ಚೀಲ:
ಅಕ್ಕಾ ಹೆಂಡ್ತಿ ಪಕ್ಕದಲ್ಲೇ ಕೂತು ಓದ್ತಿದಾಳೆ, ಲಗೇಜ್ ಡೈಲಾಗ್‌ಗೆ ಚಪ್ಪಾಳೆ ಹೊಡೆದ್ಲು. ಜನದ ಮಧ್ಯ ಇಬ್ರೂ ತಪ್ಪಿಹೋದ್ರೆ ಏನ್ ಮಾಡಿದ್ರಿ? ನೆಟ್‌ವರ್ಕ್ ಸಿಗತ್ತಾ?

ಕಾಡುಮಲ್ಲಿಗೆ:
ದೊಡ್ಡ ಬ್ಲೋಕೊದಲ್ಲಿ ಸಿಗಲ್ಲ ಅಂತಾನೇ ಅನ್ಕೊಳ್ಳಿ, ಮೆಸೇಜು ಒಂದ್ ಗಂಟೆ ಆದ್ಮೇಲೆ ಹೋಗತ್ತೆ. ಶುರುವಾಗೋ ಮುಂಚೆನೇ ಜಾಗ ಫಿಕ್ಸ್ ಮಾಡಿ. ಆ ಜಾಗ ಬ್ಲೋಕೊ ಹೋಗೋ ರೋಡಲ್ಲಿ ಇರಬಾರ್ದು, ಪಕ್ಕದ ಬೀದಿ ಔಷಧಿ ಅಂಗಡಿನೋ ಚರ್ಚಿನ ಮೆಟ್ಲೋ ಆಗಿರ್ಲಿ. ಮೆಟ್ರೋ ಸ್ಟೇಷನ್ ಬಾಗಿಲು ಅಂತ ಮಾತ್ರ ಇಟ್ಕೋಬೇಡಿ, ಎಲ್ರೂ ಅದನ್ನೇ ಇಟ್ಕೊಂಡಿರ್ತಾರೆ, ಒಂದೊಂದ್ಸಲ ರಶ್ ಜಾಸ್ತಿ ಆಗಿ ಬಾಗ್ಲೇ ಮುಚ್ಚಿರ್ತಾರೆ. ತಪ್ಪಿಹೋಗಿ ಅರ್ಧ ಗಂಟೆ ಆದ್ರೆ ಅಲ್ಲಿಗೆ, ಅಲ್ಲೂ ಸಿಗ್ಲಿಲ್ಲ ಅಂದ್ರೆ ಸೀದಾ ಹಾಸ್ಟೆಲ್‌ಗೆ, ಹುಡುಕ್ತಾ ಅಲೆಯೋದು ಬೇಡ. ಹಾಸ್ಟೆಲ್ ಅಡ್ರೆಸ್ಸು ಒಂದ್ ಚೀಟೀಲಿ ಬರ್ಕೊಂಡು ಇಬ್ರೂ ಜೇಬಲ್ಲಿ ಇಟ್ಕೊಳ್ಳಿ.

ನಿಲ್ಲೋ ಜಾಗಾನೂ ಮುಖ್ಯ. ವಾದ್ಯದೋರಿಂದ 50 ಮೀಟರ್ ದೂರ ಇದ್ರೆ ಏನೂ ಕೇಳ್ಸಲ್ಲ ಬರೀ ನೂಕು, ತೀರಾ ಮುಂದೆ ಹೋದ್ರೆ ಹಗ್ಗ ಹಿಡ್ಕೊಂಡಿರೋರು ತಳ್ತಾನೇ ಇರ್ತಾರೆ. ಬ್ಯಾಂಡಿನ ಸ್ವಲ್ಪ ಹಿಂದೆ, ಪಕ್ಕದ ಅಡ್ಡರಸ್ತೆ ಕೈಗೆಟಕೋ ಥರ ಇದ್ರೆ ಬೆಸ್ಟು, ಸುಸ್ತಾದ ತಕ್ಷಣ ಆಚೆ ಬರಬಹುದು. ಮತ್ತೆ ಚಪ್ಲಿ ಬೇಡ ದಮ್ಮಯ್ಯ, ಶೂ ಹಾಕಿ. ರೋಡಲ್ಲಿ ಒಡೆದ ಗಾಜು, ಬಿಯರು, ಇನ್ನೇನೇನೋ ಹರೀತಿರತ್ತೆ.

ಸಾಂಪಾ_ಕನ್ನಡಿಗ:
ಕೆಲಸದ ಮೇಲೆ ಸಾವೊ ಪೌಲೋದಲ್ಲಿ ಇದೀನಿ, ರಿಯೋ ಪಕ್ಕದ ಮನೆ ಥರ ಆಗಿದೆ. ದುಡ್ಡು ಮತ್ತೆ ಕಳ್ರ ವಿಷ್ಯ ನಾನು ಹೇಳ್ತೀನಿ.

ಇಲ್ಲಿ 2020ರ ಕೊನೆಯಿಂದ ನಮ್ ಯುಪಿಐ ಥರದ ಪಿಕ್ಸ್ ಬಂದು ಎಲ್ಲಾ ಅದ್ರಲ್ಲೇ ನಡಿಯತ್ತೆ, ಆದ್ರೆ ಇಲ್ಲಿಯ ಬ್ಯಾಂಕ್ ಅಕೌಂಟ್ ಇಲ್ದೋರಿಗೆ ಅದು ಸುಲಭಕ್ಕೆ ಆಗಲ್ಲ. ನಿಮಗೆ ಕಾರ್ಡು ಇಲ್ಲಾ ಕ್ಯಾಶು. ರೋಡಲ್ಲಿ ಥರ್ಮಾಕೋಲ್ ಡಬ್ಬ ಇಟ್ಕೊಂಡು ಬಿಯರ್ ಮಾರೋನ ಹತ್ರಾನೂ ಸ್ವೈಪ್ ಮಷೀನ್ ಇರತ್ತೆ, ಮೋಸ ಅಲ್ಲೇ. ಮಷೀನಿನ ಸ್ಕ್ರೀನ್ ಒಡೆದಿರತ್ತೆ ಅಥವಾ ಬ್ರೈಟ್‌ನೆಸ್ ಕಮ್ಮಿ ಮಾಡಿರ್ತಾನೆ, 15 ರೆಯಾಲ್ (ಇಲ್ಲಿಯ ದುಡ್ಡು) ಜಾಗದಲ್ಲಿ 1500 ಹೊಡೆದು ಟ್ಯಾಪ್ ಮಾಡಿ ಅಂತಾನೆ, ಸುತ್ತ ಗಲಾಟೆ, ನೀವು ಕುಣಿಯೋ ಮೂಡಲ್ಲಿ ಟ್ಯಾಪ್ ಮಾಡಿ ಮುಂದೆ ಹೋಗಿರ್ತೀರ. ಇನ್ನೊಂದು, ಸಿಗ್ನಲ್ ಇಲ್ಲ ಅಂತ ಕಾರ್ಡ್ ಈಸ್ಕೊಂಡು ಮೇಲೆತ್ತಿ ಆ ಕಡೆ ಈ ಕಡೆ ಆಡಿಸ್ತಾನೆ, ವಾಪಸ್ ಬರೋದು ಅದೇ ಬಣ್ಣದ ಬೇರೆ ಯಾರ್ದೋ ಕಾರ್ಡು. ಸ್ಕ್ರೀನ್ ಮೇಲೆ ಮೊತ್ತ ಕಾಣ್ಲಿಲ್ಲ ಅಂದ್ರೆ ಟ್ಯಾಪ್ ಇಲ್ಲ, ಕಾರ್ಡು ನಿಮ್ ಕೈ ಬಿಡಬಾರ್ದು. ರೋಡಲ್ಲಿ 10, 20ರ ನೋಟು ಇಟ್ಕೊಂಡ್ರೆ ಈ ರಗಳೇನೇ ಇಲ್ಲ. ಡೊಲೇರಾ ಅಂತ ಸೊಂಟಕ್ಕೆ ಬಟ್ಟೆ ಒಳಗೆ ಕಟ್ಕೊಳ್ಳೋ ತೆಳ್ಳನೆ ಚೀಲ ಸಿಗತ್ತೆ, ಇಲ್ಲಿಯವ್ರೇ ಕಟ್ಕೊಂಡು ಹೋಗ್ತಾರೆ.

ಜೋಡಿಯಾಗಿ ಬರೋದ್ರಲ್ಲಿ ದೊಡ್ಡ ಲಾಭ ಇಲ್ಲೇ ಇದೆ. ಇಬ್ರೂ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇಟ್ಕೊಳ್ಳಿ, ಒಂದನ್ನ ಲಾಕರ್‌ನಲ್ಲಿ ಬಿಡಿ. ಫೋನೂ ಅಷ್ಟೇ, ಬ್ಯಾಂಕ್ ಆಪ್ ಇರೋ ಫೋನು ಹಾಸ್ಟೆಲ್‌ನಲ್ಲಿ, ಹೋದ್ರೆ ಹೋಗ್ಲಿ ಅನ್ನೋ ಹಳೇ ಫೋನು ಜೊತೆಗೆ. ಇಲ್ಲಿ ಅದಕ್ಕೆ ಕಳ್ಳನ ಫೋನು ಅಂತಾನೇ ಕರೀತಾರೆ. ಒಂದ್ ವೇಳೆ ಅಡ್ಡ ಹಾಕಿ ಕೇಳಿದ್ರೆ ಕೊಟ್ಬಿಡಿ, ಹೀರೋ ಆಗೋದು ಬೇಡ. ಆಮೇಲೆ ರಿಯೋದ ಲೆಬ್ಲೋನ್ ಏರಿಯಾದಲ್ಲಿ ಟೂರಿಸ್ಟ್‌ಗಳಿಗೆ ಅಂತಾನೇ ಒಂದು ಪೊಲೀಸ್ ಸ್ಟೇಷನ್ ಇದೆ, ಅಲ್ಲಿ ಕಂಪ್ಲೇಂಟ್ ಬರೆಸಿ ಕಾಪಿ ಇಟ್ಕೊಂಡ್ರೆ ಇನ್ಶೂರೆನ್ಸ್‌ಗೆ ಬೇಕಾಗತ್ತೆ. ತುರ್ತಿಗೆ ಪೊಲೀಸ್ 190, ಆಂಬುಲೆನ್ಸ್ 192. ಸರ್ಕಾರಿ ಆಸ್ಪತ್ರೇಲಿ ಎಮರ್ಜೆನ್ಸಿ ಚಿಕಿತ್ಸೆ ವಿದೇಶಿಯರಿಗೂ ಫ್ರೀ, ಕಾಲಿಗೆ ಗಾಜು ಚುಚ್ಚಿದ್ರೆ ಹೆದರ್ಕೊಂಡು ರೂಮಲ್ಲಿ ಕೂರಬೇಡಿ.

ಹುಬ್ಬಳ್ಳಿ_ಹೈದ:
ಊಟದ್ದು ನಾ ಹೇಳ್ತೀನಿ, ನಮ್ ಮನಿಯಾಕಿನೂ ಶುದ್ಧ ವೆಜ್ಜು. ಅಲ್ಲಿ ಕೆಜಿ ಲೆಕ್ಕದ ಹೋಟೆಲ್ ಅದಾವ್ರಿ, ತಟ್ಟಿ ಹಿಡ್ಕೊಂಡು ಬೇಕಾದ್ದು ಬಡಿಸ್ಕೊಂಡು ತೂಕಕ್ಕ ಇಡೂದು, ತೂಕ ನೋಡಿ ರೊಕ್ಕ. ಅನ್ನ, ಪಲ್ಯೆ, ಸಲಾಡ್, ಕರದ ಬಾಳೆಹಣ್ಣು ಎಲ್ಲಾ ಸಿಗತೈತಿ, ಗಂಡ ಹೆಂಡ್ತಿ ಒಂದ ಟೇಬಲ್ಲಿಗೆ ಕುಂತು ತಮಗ ಬೇಕಾದ್ದು ತಿನ್ನಬಹುದು. ಆದ್ರ ಕರೀ ಬೀನ್ಸ್ ಸಾರು ನೋಡಿ ಮರುಳಾಗಬ್ಯಾಡ್ರಿ, ಭಾಳ ಕಡೆ ಹಂದಿ ಮಾಂಸ ಹಾಕೇ ಕುದಸ್ತಾರ. ಇನ್ನೊಂದ್ ಮಜಾ ಏನಂದ್ರ ಮಾಂಸ ಬ್ಯಾಡ ಅಂತ ಹೇಳಿದ್ರ ಕೋಳಿ ತಂದಿಡ್ತಾರ, ಅವರ ಪ್ರಕಾರ ಮಾಂಸ ಅಂದ್ರ ದನದ್ದು. ಕೋಳಿ ಬ್ಯಾಡ, ಮೀನ ಬ್ಯಾಡ, ಹ್ಯಾಮ್ ಬ್ಯಾಡ ಅಂತ ಒಂದೊಂದ ಹೆಸರು ಹಿಡಿದು ಹೇಳ್ಬೇಕ್ರಿ. ಬೆಳಿಗ್ಗೆ ಪಾಂವ್ ಡಿ ಕೇಜೊ, ಚೀಸ್ ಹಾಕಿದ ಸಣ್ಣ ಉಂಡಿ, ಬಿಸಿ ಇದ್ದಾಗ ನಾಕೈದು ತಿಂದ್ರ ಮಧ್ಯಾಹ್ನದವರೆಗೂ ನಡೀತೈತಿ. ಬೀಚಿನ್ಯಾಗ ಬಿಸ್ಕೀಟ್ ಗ್ಲೋಬೊ ಮತ್ತ ತಣ್ಣನ ಮಾತೆ ಚಹಾ ಮಾರ್ಕೋತ ಬರ್ತಾರ, ಚಹಾ ವೆಜ್ಜೇ, ಬಿಸ್ಕೀಟಿನ್ಯಾಗ ಮಾತ್ರ ತತ್ತಿ ಇರತೈತಿ. ಪ್ಲಾಸ್ಟಿಕ್ ಕವರಿನ್ಯಾಗ ಹಣ್ಣಿನ ರಸ ಐಸ್ ಗಡ್ಡಿ ಮಾಡಿ ಮಾರೋ ಸಕೋಲೆ ತಗೋಳೂ ಮುಂದ ಮಾತ್ರ ಕೇಳ್ರಿ, ಕೆಲವ್ರಾಗ ಎಣ್ಣಿ ಇರತೈತಿ. ನಮ್ ಮನಿಯಾಕಿ ಎರಡು ತಿಂದು "ಯಾಕೋ ಇವತ್ತು ಭಾಳ ಖುಷಿ ಆಗಾಕತ್ತೈತ್ರಿ" ಅಂದ್ಲು.

ಕಾಡುಮಲ್ಲಿಗೆ:
ಹಹ್ಹಾ, ನಿಮ್ ಮನೆಯವ್ರನ್ನ ಈ ಥ್ರೆಡ್‌ಗೆ ಕರ್ಕೊಂಡ್ ಬನ್ನಿ.

ಬೆನ್ನಿಗೊಂದು_ಚೀಲ:
ಸಾಂಬಾಡ್ರೋಮ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಟಿಕೆಟ್ ರೇಟ್ ನೋಡಿ ಎದೆ ಝಲ್ ಅಂತು. ರೋಡಲ್ಲಿ ಫ್ರೀಯಾಗಿ ಇಷ್ಟೆಲ್ಲಾ ಇರುವಾಗ ಬೇಕಾ?

ಸಮುದ್ರದ_ಮಗ:
ಬೇಡ ಅಂತ ನನ್ನ ಅಭಿಪ್ರಾಯ. ಅದು ಸ್ಟೇಡಿಯಮ್ಮಿನಲ್ಲಿ ಕೂತು ನೋಡುವುದು, ಟೀವಿಯಲ್ಲೂ ಬರ್ತದೆ.

ಸಾಂಪಾ_ಕನ್ನಡಿಗ:
ಇಲ್ಲ ಗುರು, ಇದಕ್ಕೆ ನಾನು ಒಪ್ಪಲ್ಲ. ಒಂದ್ ರಾತ್ರಿಯಾದ್ರೂ ನೋಡ್ಲೇಬೇಕು. ಆರ್ಕಿಟೆಕ್ಟ್ ಆಸ್ಕರ್ ನೀಮೆಯರ್ ಡಿಸೈನ್ ಮಾಡಿ 1984ರಲ್ಲಿ ಶುರುವಾದ ಜಾಗ, ಸುಮಾರು 700 ಮೀಟರ್ ಉದ್ದದ ರಸ್ತೆ, ಎರಡೂ ಕಡೆ ಕೂರಕ್ಕೆ ಕಾಂಕ್ರೀಟ್ ಮೆಟ್ಟಿಲು, ಸೆಕ್ಟರ್ ಅಂತ ನಂಬರ್ ಹಾಕಿ ಭಾಗ ಮಾಡಿದಾರೆ. ಸಾಂಬಾ ಸ್ಕೂಲ್ ಅಂದ್ರೆ ಒಂದೊಂದು ಬಡಾವಣೆಯ ತಂಡ, ಮಂಗೇರಾ ಅಂದ್ರೆ ಹಸಿರು ಗುಲಾಬಿ, ಪೋರ್ಟೆಲಾ ಅಂದ್ರೆ ನೀಲಿ ಬಿಳಿ, ಒಂದೊಂದ್ರಲ್ಲೂ ಸಾವಿರಾರು ಜನ, ಅದ್ರಲ್ಲಿ ಇನ್ನೂರು ಮುನ್ನೂರು ಜನ ಬರೀ ಡ್ರಮ್ಮು. 9 ವಿಷಯಕ್ಕೆ ಜಡ್ಜ್‌ಗಳು ಮಾರ್ಕ್ಸ್ ಕೊಡ್ತಾರೆ, ದಶಾಂಶದ ಲೆಕ್ಕದಲ್ಲಿ ಚಾಂಪಿಯನ್ ಪಟ್ಟ ಹೋಗತ್ತೆ ಬರತ್ತೆ, ಬೂದಿ ಬುಧವಾರ ಎಣಿಕೆ ಮಾಡೋವಾಗ ಊರಿಗೂರೇ ಟೀವಿ ಮುಂದೆ. 2025ರಲ್ಲಿ ಬೇಜಾ ಫ್ಲೋರ್ ತಂಡ ಗೆದ್ದಿದ್ದು.

ನೀವು ಜೋಡಿ ಅಲ್ವಾ, ಒಂದನ್ನ ಕಣ್ಣಿಟ್ಟು ನೋಡಿ. ಪ್ರತಿ ತಂಡದಲ್ಲೂ ಬಾವುಟ ಹಿಡಿದ ಒಬ್ಳು ಹೆಣ್ಣು, ಜೊತೆಗೆ ಒಬ್ಬ ಗಂಡು. ಅವ್ರು ಉಳಿದೋರ ಥರ ಸಾಂಬಾ ಕುಣಿಯಲ್ಲ, ಅವಳು ಅಗಲವಾದ ಘೇರಿನ ಲಂಗ ಹಾಕ್ಕೊಂಡು ಬಾವುಟ ಸುತ್ತಿಕೊಳ್ಳದ ಹಾಗೆ ಗಿರಗಿರ ತಿರುಗ್ತಾಳೆ, ಅವನು ಅವಳಿಗೂ ಬಾವುಟಕ್ಕೂ ಕಾವಲು ಥರ ಸುತ್ತ ಸುಳಿದಾಡ್ತಾ ಕೈ ಕೊಡ್ತಾನೆ. ಬಾವುಟ ಕೋಲಿಗೆ ಸುತ್ತಿಕೊಳ್ತು ಅಂದ್ರೆ ಮಾರ್ಕ್ಸ್ ಕಟ್. ಆ ಹೊತ್ತಿಗೆ ಗಾಳಿ ಎದ್ರೆ ನೋಡ್ಬೇಕು ಅವಳ ಮುಖ, ನಗು ಒಂಚೂರೂ ಅಲುಗಾಡಲ್ಲ, ಮುಂಗೈ ನರ ಮಾತ್ರ ಉಬ್ಬಿರತ್ತೆ. ಇದು ಟೀವಿಲಿ ಗೊತ್ತಾಗಲ್ಲ.

ಟಿಕೆಟ್ ವಿಷ್ಯ. 2025ರಿಂದ ಮೇನ್ ಗ್ರೂಪ್ ಪರೇಡು ಭಾನುವಾರ, ಸೋಮವಾರ, ಮಂಗಳವಾರ ಮೂರು ರಾತ್ರಿ ಮಾಡಿದಾರೆ, ಮುಂಚೆ ಎರಡೇ ರಾತ್ರಿ ಇತ್ತು. ಆ ವರ್ಷ 12 ತಂಡ, ರಾತ್ರಿಗೆ ನಾಲ್ಕು, ಹಾಗಾಗಿ ಮುಂಚಿನಷ್ಟು ಜಾಗರಣೆ ಇಲ್ಲ. ಸೆಕ್ಟರ್ 9 ಟೂರಿಸ್ಟ್‌ಗಳಿಗೆ ಅಂತ ನಂಬರ್ ಸೀಟು, ರೇಟೂ ಹಾಗೇ. ಕೊನೆಯ 12, 13 ಚೀಪು, ಆದ್ರೆ ಪರೇಡ್ ಅಲ್ಲಿಗೆ ಬರೋಹೊತ್ಗೆ ಕುಣಿಯೋರು ಸುಸ್ತಾಗಿರ್ತಾರೆ, ದೂರಾನೂ ಜಾಸ್ತಿ. 9ಕ್ಕೂ 11ಕ್ಕೂ ಮಧ್ಯ ಡ್ರಮ್ಮಿನವ್ರು ಪಕ್ಕಕ್ಕೆ ಸರಿದು ನಿಲ್ಲೋ ಜಾಗ ಇದೆ, 11ರಲ್ಲಿ ಸಿಕ್ರೆ ಕಿವಿ ತುಂಬ ಡ್ರಮ್ಮು. ಒಂದ್ ಎಚ್ಚರ, ಸಮ ಸಂಖ್ಯೆ ಸೆಕ್ಟರ್ ಆದ್ರೆ ಮೆಟ್ರೋದಲ್ಲಿ ಪ್ರಾಸಾ ಓಂಜಿ ಇಳೀಬೇಕು, ಬೆಸ ಸಂಖ್ಯೆ ಆದ್ರೆ ಸೆಂಟ್ರಲ್. ತಪ್ಪು ಕಡೆ ಇಳಿದ್ರೆ ರಸ್ತೆ ದಾಟಿ ಆ ಕಡೆ ಹೋಗೋಣ ಅನ್ನೋ ಹಾಗಿಲ್ಲ, ಮಧ್ಯ ಪರೇಡ್ ಇರತ್ತೆ, ಊರು ಸುತ್ತಿಕೊಂಡು ಬರಬೇಕು.

ಕಾಡುಮಲ್ಲಿಗೆ:
ದುಡ್ಡಿಲ್ದೆ ನೋಡೋ ದಾರಿಗಳೂ ಇವೆ. ಪ್ರೆಸಿಡೆಂಟೆ ವಾರ್ಗಾಸ್ ರೋಡಲ್ಲಿ ಪರೇಡಿಗೆ ಮುಂಚೆ ಆ ದೊಡ್ಡ ದೊಡ್ಡ ಫ್ಲೋಟ್‌ಗಳನ್ನ, ಅಂದ್ರೆ ಅಲಂಕಾರದ ಬಂಡಿಗಳನ್ನ, ಸಾಲಾಗಿ ನಿಲ್ಲಿಸಿರ್ತಾರೆ, ಟಿಕೆಟ್ ಬೇಡ, ಹತ್ರ ಹೋಗಿ ನೋಡಬಹುದು. ಜಾತ್ರೆ ಹಿಂದಿನ ರಾತ್ರಿ ತೇರು ಕಟ್ತಿರೋವಾಗ ನೋಡಿದ ಹಾಗೆ ಅನ್ಸತ್ತೆ, ಒಬ್ಬ ಏಣಿ ಹತ್ತಿ ಗರಿ ಅಂಟಿಸ್ತಿರ್ತಾನೆ, ದೇವತೆ ವೇಷದ ಹೆಂಗಸು ಫುಟ್‌ಪಾತಲ್ಲಿ ಕೂತು ಪಾಸ್ಟಾ ತಿಂತಿರ್ತಾಳೆ. ಜನವರೀಲೇ ಅಥವಾ ಹಬ್ಬದ ಹಿಂದಿನ ವಾರಾನೇ ಹೋಗೋಹಾಗಿದ್ರೆ ಸಾಂಬಾಡ್ರೋಮ್‌ನಲ್ಲೇ ತಂಡಗಳ ತಾಲೀಮು ಇರತ್ತೆ, ಅದು ಫ್ರೀ. ಪೂರ್ತಿ ವೇಷ, ಫ್ಲೋಟು ಇರಲ್ಲ, ಆದ್ರೆ ಹಾಡು ಡ್ರಮ್ಮು ಎಲ್ಲಾ ಅದೇ, ಕೂತಿರೋರೆಲ್ಲಾ ಅದೇ ಬಡಾವಣೆ ಜನ, ಬಾಯಿಪಾಠ ಹಾಡ್ತಾರೆ. ನನ್ ಕೇಳಿದ್ರೆ ಒಂದು ವಾರ ಮುಂಚೆ ಹೋಗಿಬಿಡಿ. ಬ್ಲೋಕೊಗಳು ಆಗ್ಲೇ ಶುರುವಾಗಿರತ್ತೆ, ಹಾಸ್ಟೆಲ್ ರೇಟು ಇನ್ನೂ ಏರಿರಲ್ಲ.

ಹಾಸ್ಟೆಲ್ ಬಗ್ಗೆ ನೆನಪಾಯ್ತು. ಹಬ್ಬದ ದಿನಗಳಿಗೆ ನಾಲ್ಕೈದು ರಾತ್ರಿ ಒಟ್ಟಿಗೇ ತಗೋಬೇಕು ಅಂತ ಕಟ್ಟಿಹಾಕ್ತಾರೆ. ಆಗ ಡಾರ್ಮಲ್ಲಿ ಎರಡು ಹಾಸಿಗೆ ರೇಟು ಕೂಡ್ಸಿ ನೋಡಿ, ಚಿಕ್ಕ ಗೆಸ್ಟ್ ಹೌಸ್‌ನ ಪ್ರೈವೇಟ್ ರೂಮಿಗೆ ಹತ್ರ ಹತ್ರ ಬರತ್ತೆ. ಹಂಗಿದ್ರೆ ರೂಮೇ ತಗೊಳ್ಳಿ. ಡಾರ್ಮಲ್ಲಿ ಬೆಳಗಿನ ಜಾವ 4ಕ್ಕೆ ಗ್ಲಿಟರ್ ಮೆತ್ಕೊಂಡು ಹಾಡ್ತಾ ಬರೋರು, 6ಕ್ಕೆ ಎದ್ದು ಕಿರೀಟ ಹುಡುಕೋರು, ಇವ್ರ ಮಧ್ಯ ಮೂರು ರಾತ್ರಿ ಅಂದ್ರೆ ಸಾಕಪ್ಪಾ ಸಾಕು. ನಾವು ಮೊದ್ಲು ಬುಕ್ ಮಾಡಿದ್ದ ಹಾಸ್ಟೆಲ್‌ನೋರು ಹಬ್ಬಕ್ಕೆ ಎರಡು ವಾರ ಇರೋವಾಗ ರೇಟ್ ತಪ್ಪಾಗಿತ್ತು ಅಂತ ಕ್ಯಾನ್ಸಲ್ ಮಾಡಿ ಅದೇ ಬೆಡ್‌ನ ಡಬಲ್‌ಗೆ ಮತ್ತೆ ಹಾಕಿದ್ರು. ಬುಕ್ ಆದ್ಮೇಲೂ ಒಂದ್ಸಲ ಮೇಲ್ ಹಾಕಿ ಕನ್ಫರ್ಮ್ ಬರೆಸ್ಕೊಳ್ಳಿ.

ಸುಮ್ನೆ_ಓದೋನು:
ಓದ್ತಾ ಓದ್ತಾ ನನಗೂ ಆಸೆ ಬಂತಲ್ಲಪ್ಪ. ವೇಷ ಹಾಕ್ಲೇಬೇಕಾ?

ಕಾಡುಮಲ್ಲಿಗೆ:
ಹಾಕ್ಲೇಬೇಕು ಅಂತಿಲ್ಲ, ಹಾಕದಿದ್ರೆ ನಿಮಗೇ ಒಂಥರಾ ಅನ್ಸತ್ತೆ. ಸೆಂಟ್ರೊದಲ್ಲಿ ಸಾರಾ ಅಂತ ಮಾರ್ಕೆಟ್ ಇದೆ, ಉರುಗ್ವಾಯಾನಾ ಮೆಟ್ರೋ ಇಳಿದ್ರೆ ಅಲ್ಲೇ, ರೆಕ್ಕೆ ಕಿರೀಟ ಗ್ಲಿಟರ್ ಎಲ್ಲಾ ಕಮ್ಮಿ ರೇಟು. ಹಬ್ಬಕ್ಕೆ ಮುಂಚೆ ಹೋಗ್ಬಿಡಿ, ಆಮೇಲೆ ಅಂಗಡಿಗಳು ಮುಚ್ಚಿರತ್ತೆ. ಜೋಡಿ ವೇಷ ಹಾಕೋರೇ ಜಾಸ್ತಿ, ಉಪ್ಪು ಮೆಣಸು, ಪೊಲೀಸು ಕಳ್ಳ, ಅಂಥದ್ದು. ಸಾಂಟಾ ತೆರೇಜಾದಲ್ಲಿ ಕಾರ್ಮೆಲಿಟಾಸ್ ಅಂತ ಬ್ಲೋಕೊ ಇದೆಯಲ್ಲ, ಅಲ್ಲಿಯ ಕಾನ್ವೆಂಟಿನಿಂದ ಒಬ್ಳು ಸನ್ಯಾಸಿನಿ ಶುಕ್ರವಾರ ಗೋಡೆ ಹಾರಿ ಹಬ್ಬಕ್ಕೆ ಬಂದು ಮಂಗಳವಾರ ವಾಪಸ್ ಹೋಗ್ತಾಳೆ ಅನ್ನೋ ಕಥೆ. ಅದಕ್ಕೇ ಆ ಬ್ಲೋಕೊ ಶುಕ್ರವಾರ ಒಂದ್ಸಲ ಮಂಗಳವಾರ ಒಂದ್ಸಲ. ಗಂಡಸ್ರು ಹೆಂಗಸ್ರು ಎಲ್ರೂ ತಲೆ ಮೇಲೆ ಸನ್ಯಾಸಿನಿ ಮುಸುಕು. ನಮ್ಮನೆಯವ್ರಿಗೂ ಒಂದು ಹಾಕ್ಸಿದ್ದೆ, ಮೀಸೆ ಜೊತೆ ಚೆನ್ನಾಗಿ ಒಪ್ಪಿತ್ತು.

ಸಮುದ್ರದ_ಮಗ:
ಒಂದು ಮಾತು ಟಾಯ್ಲೆಟ್ ಬಗ್ಗೆ, ಯಾರೂ ಹೇಳುವುದಿಲ್ಲ. ರೋಡ್ ಬದಿ ಪ್ಲಾಸ್ಟಿಕ್ ಟಾಯ್ಲೆಟ್ ಇಟ್ಟಿರ್ತಾರೆ, ಕ್ಯೂ ಭಯಂಕರ, ಮಧ್ಯಾಹ್ನದ ಮೇಲೆ ಒಳಗೆ ಹೋಗುವ ಹಾಗಿಲ್ಲ. ಗಂಡಸರು ಗೋಡೆ ಹುಡುಕಿದ್ರೆ ದಂಡ ಹಾಕ್ತಾರೆ. ಬಾರುಗಳಲ್ಲಿ ಸ್ವಲ್ಪ ಕೊಟ್ಟರೆ ಬಿಡ್ತಾರೆ, ಹೆಂಡತಿಗೆ ಅಂತ ಚಿಲ್ಲರೆ ಬೇರೆ ಇಟ್ಟುಕೊಳ್ಳಿ. ಸಮುದ್ರದ್ದೂ ಹೇಳ್ತೇನೆ, ಕೋಪಕಬಾನಾ ಇಪನೆಮಾ ನೋಡ್ಲಿಕ್ಕೆ ಸಮಾಧಾನ, ಒಳಗೆ ಸೆಳೆತ ಉಂಟು, ಕೆಂಪು ಬಾವುಟ ಇದ್ದಲ್ಲಿ ಇಳಿಯಬೇಡಿ, ಕುಡಿದು ಅಂತೂ ಬೇಡವೇ ಬೇಡ. ಸುಸ್ತಾದ ದಿನ ಪ್ರಾಸಾ ಕಿಂಜಿ ದಕ್ಕೆಯಿಂದ ಬೋಟು ಹತ್ತಿ ಎದುರು ದಡದ ನಿಟೆರಾಯ್‌ಗೆ ಹೋಗಿ, 20 ನಿಮಿಷ, ಗಾಳಿ ಬರ್ತದೆ, ಯಾರೂ ಡ್ರಮ್ ಬಾರಿಸುವುದಿಲ್ಲ. ಇಲ್ಲಾ ಪಕೆಟಾ ದ್ವೀಪ, ಅಲ್ಲಿ ಪ್ರೈವೇಟ್ ಕಾರೇ ಇಲ್ಲ. ಮತ್ತೆ, ಅಕ್ಕ ಹೇಳಿದ ಒಂದು ದಿನಕ್ಕೆ ಒಂದೇ ಅನ್ನುವ ಲೆಕ್ಕ, ಅದು ಸರಿ ಅಂತ ಈಗ ನನಗೂ ಕಾಣ್ತದೆ.

ಸಾಂಪಾ_ಕನ್ನಡಿಗ:
ಕಾಗದಪತ್ರ. ಭಾರತದ ಪಾಸ್‌ಪೋರ್ಟಿಗೆ ಬ್ರೆಜಿಲ್ ವೀಸಾ ಬೇಕು, ಅದು ನಿಮಗೆ ಗೊತ್ತಿರತ್ತೆ. ಗೊತ್ತಿಲ್ದೆ ಸಿಕ್ಕಿಹಾಕ್ಕೊಳ್ಳೋದು ಹಳದಿ ಜ್ವರದ ಲಸಿಕೇಲಿ. ಬ್ರೆಜಿಲ್‌ಗೆ ಒಳಗೆ ಬರೋವಾಗ ಅಲ್ಲ, ವಾಪಸ್ ಭಾರತಕ್ಕೆ ಇಳಿಯೋವಾಗ ಕೇಳ್ತಾರೆ. ಸರ್ಟಿಫಿಕೇಟ್ ಇಲ್ದಿದ್ರೆ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿ 10 ದಿನ ಆದ್ಮೇಲೆ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ನಡಿಯತ್ತೆ. ಸರ್ಕಾರ ಗುರುತಿಸಿರೋ ಸೆಂಟರ್‌ಗಳಲ್ಲಿ ಮಾತ್ರ ಹಾಕ್ತಾರೆ, ಗಲ್ಲಿ ಕ್ಲಿನಿಕ್‌ದು ನಡಿಯಲ್ಲ. ಇಬ್ರೂ ಒಂದೇ ದಿನ ಹಾಕಿಸ್ಕೊಂಡುಬಿಡಿ.

ಬೆನ್ನಿಗೊಂದು_ಚೀಲ:
ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಇಬ್ರೂ ಕೂತು ಮಾತಾಡಿ ಹಿಂಗೆ ಮಾಡ್ಕೊಂಡಿದೀವಿ. ಬೊಟಾಫೋಗೊದಲ್ಲಿ ಪ್ರೈವೇಟ್ ರೂಮು, ಒಂದು ವಾರ ಮುಂಚೆನೇ ಹೋಗಿ ಫ್ರೀ ತಾಲೀಮು ನೋಡೋದು. ಶನಿವಾರ ಸಾಂಟಾ ತೆರೇಜಾ ಬೆಳಗಿನ ಬ್ಲೋಕೊ ಅವ್ಳದ್ದು, ನಾನು ಎದ್ರೆ ಬರ್ತೀನಿ. ಸೋಮವಾರ ರಾತ್ರಿ ಸಾಂಬಾಡ್ರೋಮ್ ಇಬ್ರೂ, ಸೆಕ್ಟರ್ 11 ಸಿಕ್ರೆ. ಮಂಗಳವಾರ ಕಾರ್ಮೆಲಿಟಾಸ್, ಮುಸುಕು ನನಗೆ ಅಂತೆ, ಮೀಸೆ ತೆಗೀಬಾರ್ದು ಅಂತ ಆರ್ಡರ್ ಆಗಿದೆ.

ಹುಬ್ಬಳ್ಳಿ_ಹೈದ:
ಸೋಮವಾರದ್ದು ಸಿಗಲಿಲ್ಲಂದ್ರ 13ನೇ ತಾರೀಖು ಶನಿವಾರ ನೋಡ್ರಿ, ಗೆದ್ದ ಮೊದಲ ಆರು ತಂಡ ಇನ್ನೊಮ್ಮೆ ಪರೇಡ್ ಮಾಡ್ತಾವ, ಮಾರ್ಕ್ಸಿನ ಟೆನ್ಶನ್ ಇರಂಗಿಲ್ಲ, ಕುಣಿಯೋರೂ ಆರಾಮ, ನಮಗ ಟಿಕೆಟ್ಟೂ ಸಸ್ತಾ ಬಿತ್ತು. ಪರೇಡ್ ಮುಗದ ಮ್ಯಾಲ ಕಿತ್ತಳೆ ಬಟ್ಟಿ ಹಾಕಿದ ಕಸ ಗುಡಸೋರು ಬರ್ತಾರ, ಅವರನ್ನೂ ನೋಡೇ ಏಳ್ರಿ. 1997ರಾಗ ರೆನಾಟೊ ಸೊರಿಸೊ ಅನ್ನಾವ ಪೊರಕಿ ಹಿಡ್ಕೊಂಡು ಅಲ್ಲೇ ಸಾಂಬಾ ಹಾಕಿ ದೇಶಕ್ಕೆಲ್ಲಾ ಫೇಮಸ್ ಆದ, ಲಂಡನ್ ಒಲಿಂಪಿಕ್ಸ್ ಮುಗಿಯೋ ಕಾರ್ಯಕ್ರಮಕ್ಕೂ ಅವನ್ನ ಕರಸಿದ್ರು.

ಬೆನ್ನಿಗೊಂದು_ಚೀಲ:
ಹಂಗಾದ್ರೆ ರಿಟರ್ನ್ ಟಿಕೆಟ್ 14ಕ್ಕೆ ಮಾಡ್ಬೇಕಾ ಈಗ? ಇನ್ನೂ ಬುಕ್ ಮಾಡಿಲ್ಲ.

ಕಾಡುಮಲ್ಲಿಗೆ:
15ಕ್ಕೆ ಮಾಡಿ. 14 ಇಬ್ರೂ ಮಲ್ಕೊಳ್ಳಕ್ಕೆ.